ಗೃಹಸ್ಥನ ವಾಹನ: ಯೋಗವೂ ಕ್ಷೇಮವೂ

'ಯೋಗಕ್ಷೇಮ'ವೆಂಬ ಮಾತನ್ನು ನಾವು ಪತ್ರದ ತಲೆಯಲ್ಲಿ ರೂಢಿಯಿಂದ ಬರೆದುಬಿಡುತ್ತೇವೆ. ಅದರ ಅರ್ಥವನ್ನು ಕುರಿತು ವಿಚಾರ ಮಾಡುವುದು ವಿರಳ. ಇಲ್ಲದುದನ್ನು ಪಡೆಯುವುದು ಯೋಗವು. ಪಡೆದುದನ್ನು ಕಾಯ್ದುಕೊಳ್ಳುವುದು ಕ್ಷೇಮವು. ಇವೆರಡೂ ಕೂಡಿದ ಹೊರತು ಗೃಹಸ್ಥನ ಬಾಳುವೆಯು ನೆಟ್ಟಗಾಗದೆಂದು ಬಲ್ಲವರು ಎರಡನ್ನೂ ಒಂದೇ ಸಮಾಸದಲ್ಲಿ ಬಿಗಿದಿಟ್ಟರು. ಈಗಿನ ದಿನಗಳಲ್ಲಿ ಮೊದಲನೆಯದಕ್ಕೆ ನೆರವಾಗುವವರು ಹೇರಳವಾಗಿದ್ದಾರೆ. ಅಂಗಡಿಯವರು ವಸ್ತುವನ್ನು ಬಾಗಿಲಿಗೆ ತಂದು ನಿಲ್ಲಿಸುವರು. ಸಾಲದವರು ಕಂತು ಕಟ್ಟಿಕೊಡುವರು. ಎರಡನೆಯದರ ಹೊಣೆ ಮಾತ್ರ ಮನೆಯವರದೇ.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವಾದುದು ಖಾನಾಪುರ ತಾಲೂಕಿನ ಓರ್ವ ವಾಚಕರ ಪತ್ರ. ಅವರ ತಂದೆಯವರ ಕಾಲದ ಯೆಜ್ಡಿ ಮೋಟಾರು ಸೈಕಲ್ಲು ಆರು ವರ್ಷಗಳಿಂದ ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದೆ. ಹೊಸದಾಗಿ ನೌಕರಿ ಹಿಡಿದ ಮಗನು ದೂರಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಮೋಟಾರು ಸೈಕಲ್ಲೊಂದನ್ನು ಕಂತಿನ ಮೇಲೆ ಕೊಳ್ಳಬೇಕೆನ್ನುತ್ತಾನೆ. ಹಳೆಯದನ್ನು ತೂಕಕ್ಕೆ ಹಾಕೋಣವೆನ್ನುತ್ತಾನೆ. ತಂದೆಗೆ ಮನಸ್ಸಿಲ್ಲ. ಮಾತಿಗೆ ಮಾತು ಬೆಳೆದು, ತಂದೆಮಕ್ಕಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುವುದೂ ನಿಂತಿದೆಯಂತೆ. "ಹಳೆಯ ಗಾಡಿಯು ಭಂಗಾರಕ್ಕೆ ಹೋಗಬೇಕೋ ಬೇಡವೋ, ತಾವೇ ಹೇಳಿರಿ" ಎಂದು ಕೇಳಿದ್ದಾರೆ. ನಮ್ಮ ಗಡಿಭಾಗದ ಆಡುಮಾತಿನಲ್ಲಿ ಮುರುಕು ಸಾಮಾನಿಗೆ ಭಂಗಾರವೆಂದೂ ಹೊನ್ನಿಗೆ ಬಂಗಾರವೆಂದೂ ಹೆಸರು. ಎರಡಕ್ಕೂ ನಡುವಣ ಅಂತರವು ಒಂದು ಮಹಾಪ್ರಾಣದಷ್ಟೇ. ಯಂತ್ರವು ಇವೆರಡರಲ್ಲಿ ಯಾವುದಾಗುವುದೆಂಬುದು ಬಹುಮಟ್ಟಿಗೆ ಒಡೆಯನ ಕೈಯಲ್ಲಿದೆ.

ಮೊದಲು ಆ ಯಂತ್ರದ ಕುಲವನ್ನು ತಿಳಿಯುವುದು ಒಳಿತು. 1929ರಲ್ಲಿ ಜಾನೆಚೆಕ್ ಎಂಬ ಜೆಕ್ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಎಂದಾಯಿತು. ಅದೇ ಜಾವಾ ಮುಂದೆ ಇರಾನಿ ಮನೆತನದವರ ಸಾಹಸದಿಂದ ಮೈಸೂರಿಗೆ ಬಂದಿತು. ಯಾದವಗಿರಿಯ 'ಐಡಿಯಲ್ ಜಾವಾ' ಕಾರ್ಖಾನೆಯಲ್ಲಿ 1961ರಿಂದ ಗಾಡಿಗಳು ತಯಾರಾಗಹತ್ತಿದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. 1978ರಲ್ಲಿ 'ರೋಡ್‌ಕಿಂಗ್' ಹೊರಬಂದಿತು. 1985ರಿಂದೀಚೆಗೆ ಜಪಾನೀ ಕಂಪನಿಗಳ ಸಹಕಾರದಿಂದ ಕಡಿಮೆ ಪೆಟ್ರೋಲು ಕುಡಿಯುವ ಹಗುರ ಗಾಡಿಗಳು ಬಂದವು. ಹೊಗೆಯ ಮೇಲಿನ ಕಟ್ಟಳೆಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆ ಹೆಸರುಗಳನ್ನು ಹೊತ್ತ ಹೊಸ ಗಾಡಿಗಳು, ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ, ಬೇರೆ ಕಂಪನಿಯಿಂದ ಬಂದಿವೆ. ಹೆಸರು ಹಳೆಯದು, ಯಂತ್ರವು ಬೇರೆ.

ನಾವು ಖಾಸಬಾಗದಲ್ಲಿ ಒಂದು ರೋಡ್‌ಕಿಂಗನ್ನು 1990ರಿಂದ ಇಟ್ಟುಕೊಂಡಿದ್ದೇವೆ. ಕೊಂಡ ಆರನೆಯ ವರ್ಷಕ್ಕೇ ಅದು ತಾಯಿಲ್ಲದ ಕೂಸಾಯಿತು. ಆದರೂ ಇಂದಿಗೂ ನಡೆಯುತ್ತಿದೆ. ಇದು ನಮ್ಮ ಹೆಚ್ಚುಗಾರಿಕೆಯಲ್ಲ. ಕಾರ್ಖಾನೆ ಸತ್ತರೂ ಯಂತ್ರವನ್ನು ಬದುಕಿಸುವವರು ಓಣಿಯ ಮೇಸ್ತ್ರಿಗಳು. ನಮ್ಮ ಬೆಳಗಾವಿಯು ಎರಕದ ಮನೆಗಳ ಹಾಗೂ ಲೇತುಗಳ ಊರು. ಉದ್ಯಮಬಾಗದಲ್ಲಿ ದೊಡ್ಡ ಗಾಡಿಗಳ ಭಾಗಗಳನ್ನು ಕಡೆಯುವ ಕೈಗಳಿಗೆ ಯೆಜ್ಡಿಯ ಸಿಲಿಂಡರನ್ನು ಬೋರು ಮಾಡುವುದು ಅಸಾಧ್ಯದ ಕೆಲಸವೇನಲ್ಲ. ಸವೆದ ಸಿಲಿಂಡರನ್ನು ಕೂದಲೆಳೆಯಷ್ಟು ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂಡಿಸಿದರೆ ಎಂಜಿನ್ನಿಗೆ ಮತ್ತೊಂದು ಆಯುಷ್ಯ. ಬುಲೆಟ್ಟಿನ ಕಥೆಯೂ ಇಂಥದೇ. 1955ರಲ್ಲಿ ಮದ್ರಾಸಿನಲ್ಲಿ ಅದರ ಕೆಲಸ ಸುರುವಾಯಿತು, 1970ರ ಸುಮಾರಿಗೆ ಇಂಗ್ಲಂಡದ ಮೂಲ ಕಾರ್ಖಾನೆ ನಿಂತಿತು, ಮದ್ರಾಸಿನದು ಉಳಿಯಿತು. ಬಳಸುವವರಿಗೆ ಬೇಕಾದ ವಸ್ತುವು ಹುಟ್ಟಿದ ಮನೆಯನ್ನು ಕಳೆದುಕೊಂಡರೂ ಬಾಳಬಲ್ಲದು.

ಹಾಗಾದರೆ ಕ್ಷೇಮವೆಂಬುದು ಏನು? ಖಾಸಬಾಗವು ನೇಕಾರರ ಪೇಟೆ. ಬೆಳಿಗ್ಗೆ ಮಗ್ಗವನ್ನು ಸುರು ಮಾಡುವ ಮೊದಲು ಅದರ ಕೀಲುಗಳಿಗೆ ಎಣ್ಣೆ ಬಿಡುವುದು ಇಲ್ಲಿಯ ಮನೆಮನೆಯ ರೂಢಿ. ಮೋಟಾರು ಸೈಕಲ್ಲಿನ ವಿಷಯದಲ್ಲಿ ನಾವು ಹಾಗೆ ಮಾಡುವುದಿಲ್ಲ. ಖಂಡೇನವಮಿಯ ದಿನ ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಕೈಮುಗಿಯುತ್ತೇವೆ. ಉಳಿದ 364 ದಿನ ಅದರ ಕಡೆಗೆ ಕಣ್ಣೆತ್ತಿ ನೋಡುವುದಿಲ್ಲ. ಪೂಜೆಯು ಬೇಡವೆಂದಲ್ಲ. ಆದರೆ ಯಂತ್ರಕ್ಕೆ ವಾರಕ್ಕೆ ಅರ್ಧ ತಾಸಿನ ಸೇವೆ ಬೇಕು. ಟಾಯರುಗಳ ಗಾಳಿ, ಚೈನಿನ ಬಿಗಿ, ಬ್ರೇಕಿನ ಹಿಡಿತ, ಗಾಲಿಯ ಕಡ್ಡಿಗಳು, ಸಡಿಲಾದ ನಟ್ಟುಗಳು, ಇವಿಷ್ಟನ್ನು ಕೈಯಿಂದ ಮುಟ್ಟಿ ನೋಡತಕ್ಕುದು. ತಿಂಗಳಿಗೊಮ್ಮೆ ಚೈನನ್ನು ತೊಳೆದು ಎಣ್ಣೆ ಬಿಡಬೇಕು. ಪ್ಲಗ್ಗನ್ನೂ ಗಾಳಿಯ ಜಾಲರಿಯನ್ನೂ ಶುದ್ಧ ಮಾಡಬೇಕು. ವರ್ಷಕ್ಕೊಮ್ಮೆ ಸೈಲೆನ್ಸರಿನೊಳಗೆ ಕಟ್ಟಿದ ಕರಿಯನ್ನು ತೆಗೆಸಬೇಕು. ಬ್ರೇಕಿನ ಸವಕಳಿಯನ್ನು ನೋಡಿಸಬೇಕು. ಟಾಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳು ಎಷ್ಟೇ ಆಳವಾಗಿರಲಿ, ವರ್ಷಗಳು ಕಳೆದಂತೆ ರಬ್ಬರು ಬಿರುಸಾಗಿ ಹಿಡಿತ ಬಿಡುವುದು. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟಾಯರನ್ನು ಎಷ್ಟುಮಾತ್ರಕ್ಕೂ ನಂಬಬಾರದು.

ಇದರೊಡನೆ ಒಂದು ವಹಿಯನ್ನು ಇಡಬೇಕು. ತೇದಿ, ಓಡಿದ ಕಿಲೋಮೀಟರು, ಮಾಡಿಸಿದ ಕೆಲಸ, ತಗಲಿದ ವೆಚ್ಚ, ಇಷ್ಟು ಸಾಕು. ನಮ್ಮ ವಹಿಯ ಒಂದು ಪುಟದಲ್ಲಿ "ಕ್ಲಚ್ ತಾಟು ಹೊಸವು" ಎಂಬ ಸಾಲಿನ ಕೆಳಗೆ ಮತ್ತೊಂದು ಸಾಲಿದೆ: "ರಾತ್ರಿ ಎರಡು ಗಂಟೆ. ಅಕ್ಕನ ಮಗನಿಗೆ ರಕ್ತ ಬೇಕೆಂದು ಕರೆ. ಒಂದೇ ಒದೆಗೆ ಸುರುವಾಯಿತು." ವಾರದ ಅರ್ಧ ತಾಸನ್ನು ನಾವು ಯಾತಕ್ಕಾಗಿ ಕೊಡುತ್ತೇವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆಯು ಬೇಕಿಲ್ಲ. ಗೃಹಸ್ಥನ ವಾಹನವು ಬೇಕಾದ ರಾತ್ರಿ ಏಳಬೇಕು.

ಇತ್ತೀಚೆಗೆ ಹಳೆಯ ಗಾಡಿಗಳಿಗೆ ಹೊಸದೊಂದು ಕಾಳಜಿ ಒದಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥೆನಾಲ್ ಬೆರೆಯಹತ್ತಿತು. ಇದು ಕಬ್ಬಿನಿಂದಲೂ ಧಾನ್ಯಗಳಿಂದಲೂ ಆಗುವ ಮದ್ಯಸಾರ. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಇದರಿಂದ ಒಂದು ಹೊಸ ಆದಾಯವಾಗಿದೆ; ಕಬ್ಬು ಬೆಳೆಯುವವರು ಇದನ್ನು ಹಳಿಯಲಾರರು. ಆದರೆ ಇಥೆನಾಲಿಗೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಗಾಡಿಯು ತಿಂಗಳುಗಟ್ಟಲೆ ನಿಂತರೆ ಟಾಕಿಯೊಳಗೆ ತುಕ್ಕು ಕಟ್ಟುವುದು. ಹಳೆಯ ಕಾಲದ ರಬ್ಬರು ನಳಿಗೆಗಳು ಹಾಳಾಗುವವು. ಪರಿಹಾರವು ಸುಲಭ. ವಾರಕ್ಕೊಮ್ಮೆಯಾದರೂ ಓಡಿಸಬೇಕು, ಬಹಳ ದಿನ ನಿಲ್ಲಿಸುವುದಿದ್ದರೆ ಕಾರ್ಬುರೇಟರನ್ನು ಬರಿದು ಮಾಡಬೇಕು, ನಳಿಗೆಗಳನ್ನು ಹೊಸ ಬಗೆಯ ರಬ್ಬರಿನವುಗಳಿಂದ ಬದಲಿಸಬೇಕು. ನಮ್ಮ ವಾಚಕರ ಕೊಟ್ಟಿಗೆಯ ಗಾಡಿಯಲ್ಲಿ ಮೊದಲು ನೋಡಬೇಕಾದುದು ಟಾಕಿಯ ಒಳಭಾಗವನ್ನೇ.

ಇನ್ನು ಪ್ರಯಾಣದ ಮಾತು. ಮಗನ ಕಣ್ಣು ಗೋವೆಯ ಘಟ್ಟದ ಮೇಲಿದೆಯೆಂದು ತಂದೆಯವರು ಬರೆದಿದ್ದಾರೆ. ಜಾಂಬೋಟಿಯಿಂದ ಕಣಕುಂಬಿಯನ್ನು ದಾಟಿ ಚೋರ್ಲಾ ಘಟ್ಟವನ್ನು ಇಳಿಯುವ ದಾರಿಯು ಚೆಲುವಾದುದು, ಮಳೆಗಾಲದಲ್ಲಿ ಅಷ್ಟೇ ಕಠಿಣವಾದುದು. ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಯವರು ಅಲ್ಲಿ ಒಂದು ಸೂಕ್ಷ್ಮವನ್ನು ಅರಿತಿರಬೇಕು. ಅದರ ಎಂಜಿನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಒಳಗೆ ಹೋಗುವುದು. ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲಿಟ್ಟು ಪೆಟ್ರೋಲಿನ ಹಿಡಿಕೆಯನ್ನು ಪೂರ್ತಿ ಮುಚ್ಚಿದರೆ ಗಾಲಿಗಳು ಎಂಜಿನ್ನನ್ನು ಭರದಿಂದ ತಿರುಗಿಸುತ್ತಿರುತ್ತವೆ, ಎಣ್ಣೆಯಾದರೋ ಹೋಗುವುದಿಲ್ಲ. ಪಿಸ್ಟನ್ ಕಚ್ಚಿಕೊಂಡು ಗಾಲಿ ನಿಲ್ಲುವ ಭಯವಿದೆ. ಆದುದರಿಂದ ನಡುನಡುವೆ ಹಿಡಿಕೆಯನ್ನು ತುಸು ತೆರೆದು ಎಣ್ಣೆ ಕುಡಿಸುತ್ತ ಇಳಿಯಬೇಕು. ಎಂಜಿನ್ನನ್ನೇ ಆರಿಸಿ ಇಳಿಯುವವರು ನಾಲ್ಕು ಕಾಸಿನ ಪೆಟ್ರೋಲು ಉಳಿಸಿ, ಎಲ್ಲ ಭಾರವನ್ನೂ ಬ್ರೇಕುಗಳ ಮೇಲೆ ಹಾಕುತ್ತಾರೆ. ಬ್ರೇಕು ಕಾದರೆ ಹಿಡಿಯದು.

ಆದರೆ ದೂರಪ್ರಯಾಣವೆಂದರೆ ಗೋವೆಯೇ ಏಕಾಗಬೇಕು? ಅದೇ ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುತ್ತಾಳೆ. ಅಲ್ಲಿಂದ ಹೊರಟು ನದಿಯನ್ನು ಬಿಡದೆ ಹಿಂಬಾಲಿಸಿರಿ. ಖಾನಾಪುರ, ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯು ಐಕ್ಯಳಾದ ಎಂ. ಕೆ. ಹುಬ್ಬಳ್ಳಿ, ಸವದತ್ತಿಯ ಬಳಿ ನವಿಲುತೀರ್ಥದ ಆಣೆಕಟ್ಟು, ಮುನವಳ್ಳಿ, ರಾಮದುರ್ಗ, ಬಳಿಕ 1987ರಲ್ಲಿ ಜಗತ್ತಿನ ಪರಂಪರೆಯ ತಾಣವೆಂದು ಮನ್ನಣೆ ಪಡೆದ ಪಟ್ಟದಕಲ್ಲು, ಐಹೊಳೆ, ಕೊನೆಗೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ. ನದಿಯ ಹರಿವು ಸುಮಾರು 300 ಕಿಲೋಮೀಟರು. ಮಲೆನಾಡಿನ ಹಸಿರಿನಿಂದ ಎರೆಭೂಮಿಗೆ, ಭತ್ತದಿಂದ ಜೋಳಕ್ಕೆ ದಾರಿಯುದ್ದಕ್ಕೂ ನಾಡು ಬದಲಾಗುವುದು. ಎರಡು ದಿನಗಳಲ್ಲಿ, ತಾಸಿಗೆ ನಲವತ್ತೈವತ್ತು ಕಿಲೋಮೀಟರಿನ ನಡಿಗೆಯಲ್ಲಿ, ಕತ್ತಲಾಗುವ ಮೊದಲು ತಂಗುತ್ತ ಹೋದರೆ ಹಳೆಯ ಗಾಡಿಗೂ ಇದು ಹೊರೆಯಲ್ಲ. ಜೊತೆಗೆ ಒಂದು ಪ್ಲಗ್ಗು, ಕ್ಲಚ್ಚಿನ ತಂತಿ, ಚೈನಿನ ಕೊಂಡಿ, ಪಾನೆಗಳು, ಪಂಕ್ಚರ್ ತೆಗೆಯುವ ಸಾಮಾನು ಇದ್ದರೆ ಸಾಕು.

ಹೀಗೆಂದು ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವವರಲ್ಲ. 2019ರ ಏಪ್ರಿಲಿನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಮೋಟಾರು ಸೈಕಲ್ಲುಗಳಿಗೆ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಒಮ್ಮೆಲೆ ಬ್ರೇಕು ಒತ್ತಿದರೂ ಗಾಲಿಯು ಕಟ್ಟಿಬಿದ್ದು ಜಾರದಂತೆ ಅದು ತಡೆಯುವುದು. ಯೆಜ್ಡಿಯ ಡ್ರಮ್ ಬ್ರೇಕಿಗೆ ಆ ಶಕ್ತಿಯಿಲ್ಲ. ಹಿಂದೆ ಹೆಂಡತಿಯನ್ನೋ ಗೆಳೆಯನನ್ನೋ ಕೂಡಿಸಿಕೊಂಡು ಮಳೆಗಾಲದ ಘಟ್ಟವನ್ನು ಇಳಿಯುವುದೇ ಮಗನ ಉದ್ದೇಶವಾದರೆ, ಅವನ ಬೇಡಿಕೆಯಲ್ಲಿ ನ್ಯಾಯವಿದೆಯೆಂದು ತಂದೆಯವರು ಒಪ್ಪತಕ್ಕುದು. ಹಳೆಯದರ ಮಮತೆಯು ಪ್ರಾಣಕ್ಕಿಂತ ದೊಡ್ಡದಲ್ಲ. ಗಾಡಿ ಯಾವುದೇ ಇರಲಿ, ಶಿರಸ್ತ್ರಾಣವು ಇಬ್ಬರ ತಲೆಯ ಮೇಲೂ ಇರಬೇಕು, ಗದ್ದದ ಪಟ್ಟಿಯನ್ನು ಬಿಗಿದಿರಬೇಕು.

ಕಾಯಿದೆಯಲ್ಲಿಯೂ ಒಂದು ಸಾಮ್ಯವಿದೆ. ಸ್ವಂತ ಬಳಕೆಯ ವಾಹನದ ನೋಂದಣಿಯು 15 ವರ್ಷಗಳದು. ಬಳಿಕ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ಹೊಸದು ಮಾಡಿಸಬೇಕು. ಸವಾರನಿಗೂ ಅಂತೆಯೇ. 2019ರ ತಿದ್ದುಪಡಿಯ ಪ್ರಕಾರ 55 ವರ್ಷ ತುಂಬಿದವರ ಲೈಸನ್ಸು ಐದು ವರ್ಷಗಳಿಗೆ ಮಾತ್ರ ಸಿಗುವುದು. ವೈದ್ಯರ ಪತ್ರವೂ ಬೇಕು. ಅರವತ್ತರ ನಾವೂ ನಮ್ಮ ಗಾಡಿಯೂ ಹೀಗೆ ಒಂದೇ ಬಗೆಯ ಪರೀಕ್ಷೆಗೆ ಗುರಿಯಾಗಿದ್ದೇವೆ. ಇದರಲ್ಲಿ ಅವಮಾನವೇನೂ ಇಲ್ಲ. ಕಣ್ಣು ಮಂದವಾದ ದಿನ, ಕೈಯ ಹಿಡಿತ ತಪ್ಪಿದ ದಿನ ಬೀಗದ ಕೈಯನ್ನು ಮತ್ತೊಬ್ಬರಿಗೆ ಕೊಡುವುದೂ ಕ್ಷೇಮದ ಒಂದು ಅಂಗವೇ.

ಈಗ ನಮ್ಮ ವಾಚಕರಿಗೆ ಉತ್ತರ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಗಾಡಿಯ ಚೌಕಟ್ಟು ಬಿರುಕಿಲ್ಲದೆ, ತುಕ್ಕು ತಿನ್ನದೆ ಗಟ್ಟಿಯಾಗಿದೆಯೇ? ಕಾಗದಪತ್ರಗಳು ಸರಿಯಾಗಿವೆಯೇ? ವಾರಕ್ಕೆ ಅರ್ಧ ತಾಸು ಕೊಡುವವರು ಮನೆಯಲ್ಲಿದ್ದಾರೆಯೇ? ಮೊದಲನೆಯದಕ್ಕೆ 'ಇಲ್ಲ'ವೆಂದಾದರೆ ಶೋಕಿಸದೆ ತೂಕಕ್ಕೆ ಹಾಕಿರಿ. ಎರಡನೆಯದಕ್ಕೆ 'ಇಲ್ಲ'ವೆಂದಾದರೆ ಅವುಗಳನ್ನು ಸರಿಪಡಿಸಿಕೊಳ್ಳುವವರೆಗೆ ರಸ್ತೆಗೆ ಇಳಿಸಬೇಡಿರಿ. ಮೂರನೆಯದಕ್ಕೆ 'ಇಲ್ಲ'ವೆಂದಾದರೆ ಕೊಟ್ಟಿಗೆಯಲ್ಲಿ ಕೊಳೆಯಿಸುವ ಬದಲು ಬಲ್ಲವರಿಗೆ ಕೊಟ್ಟುಬಿಡಿರಿ.

ಮೂರಕ್ಕೂ 'ಹೌದು' ಎಂದಾದರೆ, ಹೊಸ ಗಾಡಿಯ ಮಾತನ್ನು ಆರು ತಿಂಗಳು ಮುಂದೂಡಿರಿ. ಅಷ್ಟರೊಳಗೆ ಮಗನು ಮೇಸ್ತ್ರಿಯ ಬಳಿ ಕುಳಿತು ತನ್ನ ಕೈಯಿಂದಲೇ ಹಳೆಯದನ್ನು ನಡೆಯುವಂತೆ ಮಾಡಲಿ. ಕಂತಿಗೆ ಕೊಡಬೇಕೆಂದಿದ್ದ ಹಣವನ್ನು ತಿಂಗಳು ತಿಂಗಳು ಕೂಡಿಡಲಿ. ಅಜ್ಜನ ಗಾಡಿಯನ್ನು ಎಬ್ಬಿಸಬಲ್ಲವನು ಹೊಸದನ್ನೂ ಕಾಯ್ದುಕೊಳ್ಳುವನು. ಸಾಲವೂ ಅಷ್ಟು ಕಡಿಮೆಯಾಗುವುದು. ಹಳೆಯದನ್ನು ಆರು ತಿಂಗಳು ನೋಡಿಕೊಳ್ಳಲಾರದವನ ಹೊಸ ಗಾಡಿಯು ಹತ್ತು ವರ್ಷಗಳಲ್ಲಿ ಅದೇ ಕೊಟ್ಟಿಗೆಯ ಅದೇ ಮೂಲೆಯನ್ನು ಸೇರುವುದು. ತಂದೆಯವರು ಮಾಡಬೇಕಾದ ಕೆಲಸ ಒಂದೇ. ರವಿವಾರ ಮಗನು ಪಾನೆ ಹಿಡಿದು ಕುಳಿತಾಗ ತಾವೂ ಪಕ್ಕದಲ್ಲಿ ಕುಳಿತು ನಟ್ಟುಗಳ ತಾಟನ್ನು ಹಿಡಿದಿರಬೇಕು. ಎಣ್ಣೆಯ ಕೈಗಳನ್ನು ಇಬ್ಬರೂ ಒಂದೇ ಬಚ್ಚಲಲ್ಲಿ ತೊಳೆದುಕೊಂಡ ಮೇಲೆ ಊಟಕ್ಕೆ ಬೇರೆ ಬೇರೆ ಕೂಡುವುದು ಕಷ್ಟ.