ಕೆರೆಗೋಡಿನ ರಿಪೋರ್ಟು: ಒಂದು ಸ್ಯಾಂಪಲ್ ನಂಬಿ ಮೇವಿನ ಹೊಲಕ್ಕೆ ಹೊಡೆಸಬೇಡಿ



ಬೇಸಿಗೆ ಬಂತೆಂದರೆ ಕೆರೆಗೋಡು ತುಂಬಿದ ಟ್ರ್ಯಾಕ್ಟರ್‌ಗಳು ಹೊಲದ ಕಡೆ ಹೊರಡುತ್ತವೆ. ಮಳೆ ನೀರಿನಿಂದಲೇ ತುಂಬುವ ಕೆರೆಯ ಗೋಡು ಭೂಮಿಗೆ ಒಳ್ಳೆಯದು, ಗೊಬ್ಬರದ ಖರ್ಚೂ ಉಳಿಯುತ್ತದೆ. ಆದರೆ ನಗರದ ಚರಂಡಿ, ಕಾರ್ಖಾನೆಗಳ ನೀರು ಸೇರಿದ ಕೆರೆಯ ಮಾತು ಬೇರೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು, 2017ರಲ್ಲಿ ಅಲ್ಲಿ ಬೆಂಕಿ ಹತ್ತಿದ್ದು ನಿಮಗೆ ನೆನಪಿರಬಹುದು. ಇಂಥ ಕೆರೆಗಳಲ್ಲಿ ನೀರು ಮುಂದಕ್ಕೆ ಹರಿದರೂ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತಳದ ಜೇಡಿಗೆ ಅಂಟಿಕೊಂಡು ಉಳಿಯುತ್ತವೆ. ಅವು ಕೊಳೆತು ಹೋಗುವಂಥವಲ್ಲ.

“ಪರೀಕ್ಷೆ ಆಗಿದೆ, ರಿಪೋರ್ಟ್ ಚೆನ್ನಾಗಿದೆ” ಎಂದರೆ ಸಾಕೇ? ಸಾಲದು ಎಂಬುದು ನನ್ನ ಅಭಿಪ್ರಾಯ.

ಡೇರಿಯಲ್ಲಿ ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕಬೇಕು. ಇಲ್ಲದಿದ್ದರೆ ಕೆನೆ ಮೇಲೆ ನಿಂತು ಫ್ಯಾಟ್ ತಪ್ಪಾಗುತ್ತದೆ. ಕೆರೆಯನ್ನು ಹೀಗೆ ಕಲಕಲಾಗದು. ಕಾಲುವೆ ಬಂದು ಸೇರುವ ಕಡೆ ಒಂದು ಲೆಕ್ಕ, ಏರಿ ಬಳಿ ಇನ್ನೊಂದು. ಮರಳಿನಲ್ಲಿ ಲೋಹ ಕಡಿಮೆ, ನುಣುಪು ಜೇಡಿಯಲ್ಲಿ ಹೆಚ್ಚು. ಮೇಲ್ಪದರ ಚೆನ್ನಾಗಿದ್ದು, ಹಳೆಯ ಕೊಳೆ ಕೆಳಪದರದಲ್ಲಿ ಇರಬಹುದು. ಒಂದೇ ಬೊಗಸೆ ಮಣ್ಣಿನಿಂದ ಇಡೀ ಕೆರೆಗೆ ಪಾಸು, ಫೇಲು ಎರಡನ್ನೂ ಹೇಳಲಾಗದು.

ಅಂಕಿ ಸರಿಯಿದ್ದರೂ ಅದರ ಅರ್ಥ ಹೇಳುವುದು ಕಷ್ಟ. ಅಮೆರಿಕ, ಕೆನಡಾ ವಿಜ್ಞಾನಿಗಳು 2000ರಲ್ಲಿ ಸಿಹಿನೀರಿನ ಗೋಡಿಗೆ ಎರಡು ಗೆರೆ ಹಾಕಿದರು. ಕಿಲೋ ಒಣ ಗೋಡಿನಲ್ಲಿ ಸೀಸ 35.8 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತೊಂದರೆ ಅಪರೂಪ, 128 ದಾಟಿದರೆ ತೊಂದರೆ ಸಂಭವ. 80 ಬಂದರೆ? ಅದು ನಡುವಿನ ಅನುಮಾನದ ಜಾಗ. ಅದೂ ಅಲ್ಲದೆ, ಆ ಗೆರೆ ಎಳೆದದ್ದು ಕೆಸರಿನಲ್ಲಿ ಬಾಳುವ ಹುಳುಗಳನ್ನು ನೋಡಿ, ಹಸುವನ್ನು ನೋಡಿ ಅಲ್ಲ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಮೇವಿಗೆ ಹೆಚ್ಚು ಏರುತ್ತದೆ. ಹುಲ್ಲಿಗೆ ಅಂಟಿದ ಮಣ್ಣಿನ ಜೊತೆಗೂ ಲೋಹ ಹಸುವಿನ ಹೊಟ್ಟೆಗೆ ಹೋಗುತ್ತದೆ.

ಹಾಲಿನ ಪರೀಕ್ಷೆ ಚೆನ್ನಾಗಿದೆ ಎಂದೂ ಸಮಾಧಾನಪಡುವಂತಿಲ್ಲ. ಹಸುವಿನ ಮೈ ಸೇರಿದ ಕ್ಯಾಡ್ಮಿಯಂ ಹಾಲಿಗೆ ಬರುವುದು ತೀರಾ ಕಡಿಮೆ, ಅದು ಕೂಡಿಕೊಳ್ಳುವುದು ಪಿತ್ತಜನಕಾಂಗ, ಮೂತ್ರಪಿಂಡಗಳಲ್ಲಿ. ಇನ್ನು ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ.

ಆದ್ದರಿಂದ ಗ್ರಾಮಸಭೆಯಲ್ಲಿ, ಸಂಘದ ಸಭೆಯಲ್ಲಿ ಎದ್ದು ಕೇಳಿ: ಎಷ್ಟು ಕಡೆ ಸ್ಯಾಂಪಲ್ ತೆಗೆದಿರಿ? ಎಷ್ಟು ಆಳದಿಂದ? ಯಾವ ಯಾವ ಲೋಹ ನೋಡಿದಿರಿ? ಯಾವ ಮಿತಿಗೆ ಹೋಲಿಸಿದಿರಿ? ಹೊಲದ ಮಣ್ಣನ್ನೂ ಮೇವನ್ನೂ ನೋಡಿದಿರಾ?

ಉತ್ತರ ಸಿಗುವವರೆಗೆ ನಗರದ ನೀರು ಸೇರುವ ಕೆರೆಯ ಗೋಡನ್ನು ಮೇವಿನ ಹೊಲಕ್ಕೂ ತರಕಾರಿ ಮಡಿಗೂ ಹೊಡೆಸಬೇಡಿ. ಒಮ್ಮೆ ಮಣ್ಣಿಗೆ ಬೆರೆತ ಲೋಹವನ್ನು ಹೊರಗೆ ತೆಗೆಯುವುದು ನಮ್ಮ ಕೈಲಾಗುವ ಕೆಲಸವಲ್ಲ. ಕಾದರೆ ಹೋಗುವುದು ಒಂದು ಹಂಗಾಮಿನ ಗೋಡು ಮಾತ್ರ. ಗೋಡು ಸುರಕ್ಷಿತ ಎಂದು ತೋರಿಸಿಕೊಡಬೇಕಾದವರು ಅದನ್ನು ಹಂಚುವವರು. ಅನುಮಾನದ ಹೊರೆ ನಮ್ಮ ಕೊಟ್ಟಿಗೆಯ ಮೇಲೆ ಬೀಳಬಾರದು.