ಕುಬಸಕ್ಕೂ ಮುಂಚಿನ ಊಟ

ಸೇಡಂ ಸೀಮೆಯ ಮನೆಗಳಲ್ಲಿ ಬಸುರಿಗೆ ಸಲ್ಲಬೇಕಾದ ಸಂಭ್ರಮವೆಲ್ಲ ಕುಬಸದ ದಿನಕ್ಕಾಗಿ ಕಾದಿರುತ್ತದೆ. ಐದನೆಯದೋ ಏಳನೆಯದೋ ತಿಂಗಳಿನಲ್ಲಿ ತವರಿನಿಂದ ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆಗಳು ಬರುತ್ತವೆ. ಜೊತೆಗೆ ಬುತ್ತಿಯ ಗಂಟೂ ಬರುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಬಗೆಬಗೆಯ ಪಲ್ಯ, ಮೊಸರನ್ನ ಎಲ್ಲವೂ ಅದರಲ್ಲಿರುತ್ತವೆ. ಮುತ್ತೈದೆಯರು ಆರತಿ ಬೆಳಗಿ, ಬಯಸಿದ್ದನ್ನು ಉಣ್ಣೆಂದು ಹರಸುತ್ತಾರೆ. ಇದು ಹಿರಿಯರು ಮನವರಿತು ಮಾಡಿದ ಪದ್ಧತಿ. ಆದರೆ ಆ ಬುತ್ತಿ ಬಿಚ್ಚುವ ಹೊತ್ತಿಗೆ ಬಸುರಿನ ಅತ್ಯಂತ ನಾಜೂಕಾದ ಕಾಲವು ಯಾವ ಆರತಿಯೂ ಇಲ್ಲದೆ ಕಳೆದುಹೋಗಿರುತ್ತದೆ.

ಆ ಕಾಲದ ಚಿತ್ರವು ಬೇರೆಯೇ ಆಗಿದೆ. ಸೊಸೆಗೆ ಎರಡನೆಯ ತಿಂಗಳು. ಬೆಳಗ್ಗೆ ಎದ್ದರೆ ವಾಕರಿಕೆ, ಮಧ್ಯಾಹ್ನವಾದರೆ ತಲೆಸುತ್ತು. ಎಲ್ಲರ ಊಟ ಮುಗಿದ ಮೇಲೆ ಒಲೆಯ ಮುಂದೆ ಕುಳಿತವಳ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೆಯೇ ಉಳಿದಿದೆ.

“ಇನ್ನೊಂದ್ ರೊಟ್ಟಿ ಉಣ್ಣವ್ವ. ಈಗ ನೀ ಒಬ್ಬಾಕಿ ಅಲ್ಲ, ಇಬ್ಬರ ಊಟ ಉಣಬೇಕು,” ಎನ್ನುತ್ತಾಳೆ ಅತ್ತೆ.

“ಒಲ್ಲೆ ಅತ್ತಿ. ವಗ್ಗರಣಿ ವಾಸನಿಗೇ ಹೊಟ್ಟಿ ತೊಳಸ್ತದ.”

“ಬಿಡ್ರಿ ಅಕ್ಕಾರ,” ಎನ್ನುತ್ತಾಳೆ ನೆರೆಮನೆಯ ಹಿರಿಯಳು. “ಭಾಳ ಉಂಡ್ರ ಕೂಸು ದಪ್ಪ ಆಗ್ತದ, ಹಡಿಯಾಕ ತ್ರಾಸ ಆಗ್ತದ.”

ಇಬ್ಬರ ಮಾತಿನ ಹಿಂದೆಯೂ ಇರುವುದು ಅಂತಃಕರಣವೇ. ಆದರೆ ಇಬ್ಬರೂ ದಾರಿ ತಪ್ಪಿದ್ದಾರೆ.

ಮೊದಲು ಅತ್ತೆಯ ಮಾತನ್ನೇ ನೋಡೋಣ. ಮೂರು ತಿಂಗಳು ತುಂಬುವ ವೇಳೆಗೆ ಗರ್ಭದಲ್ಲಿನ ಶಿಶುವು ಸುಮಾರು 14 ಗ್ರಾಂ ತೂಗುತ್ತದೆ. ಒಂದು ತೊಲೆ ಬಂಗಾರಕ್ಕಿಂತ ತುಸು ಹೆಚ್ಚು, ಅಷ್ಟೆ. ಅದಕ್ಕಾಗಿ ತಾಯಿ ಎರಡನೆಯ ಊಟ ಉಣ್ಣಬೇಕಾಗಿಲ್ಲ. ಈ ಮೂರು ತಿಂಗಳಲ್ಲಿ ಅರ್ಧ ಕಿಲೋದಿಂದ ಎರಡು ಕಿಲೋದವರೆಗೆ ತೂಕ ಏರಿದರೆ ಸಾಕು. ವಾಂತಿಯಿಂದ ಒಂದಿಷ್ಟು ಇಳಿದರೂ ಹೆದರಬೇಕಾದ್ದಿಲ್ಲ. ನಿತ್ಯದ ಆಹಾರಕ್ಕಿಂತ ಸುಮಾರು 350 ಕ್ಯಾಲೊರಿಯಷ್ಟು ಹೆಚ್ಚು ಬೇಕಾಗುವುದು ನಾಲ್ಕನೆಯ ತಿಂಗಳಿನಿಂದ ಮುಂದೆ. ಒಂಬತ್ತು ತಿಂಗಳಲ್ಲಿ ಒಟ್ಟು 10ರಿಂದ 12 ಕಿಲೋ ಏರುವುದು ನಮ್ಮ ದೇಶದ ಆರೋಗ್ಯವಂತ ಹೆಂಗಸಿಗೆ ತಕ್ಕದ್ದೆಂದು ವೈದ್ಯರು ಹೇಳುತ್ತಾರೆ. ಇದೆಲ್ಲವೂ ಕೊಬ್ಬಲ್ಲ. ಮೂರು ಕಿಲೋದಷ್ಟು ಮಗು. ಉಳಿದದ್ದು ಮಾಸು, ಗರ್ಭಜಲ, ಬೆಳೆದ ಗರ್ಭಕೋಶ, ಹೆಚ್ಚಿದ ರಕ್ತ ಮತ್ತು ಮುಂದೆ ಮೊಲೆಹಾಲಿಗೆ ಒದಗಲೆಂದು ದೇಹವು ಕೂಡಿಡುವ ಗಂಟು.

ಈ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. ಐದು ಅಡಿ ಎತ್ತರದವಳು ಬಸುರಾಗುವಾಗ 43 ಕಿಲೋಗಿಂತ ಕಡಿಮೆ ತೂಗುತ್ತಿದ್ದರೆ ಅವಳನ್ನು ಕೃಶಳೆಂದೇ ಎಣಿಸಬೇಕು; ಅವಳು ಉಳಿದವರಿಗಿಂತ ಹೆಚ್ಚು ತೂಕ ಪಡೆಯಬೇಕು. ಅದೇ ಎತ್ತರಕ್ಕೆ 58 ಕಿಲೋ ಮೀರಿದವಳಿಗೆ ಕಡಿಮೆ ಏರಿಕೆಯೇ ಲೇಸು. ಆದುದರಿಂದ ಮೊದಲ ಭೇಟಿಯಲ್ಲಿಯೇ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳುವುದು ಅವಶ್ಯ. ಎಲ್ಲಿಂದ ಹೊರಟೆವೆಂಬುದು ತಿಳಿಯದಿದ್ದರೆ ಎಷ್ಟು ದೂರ ಬಂದೆವೆಂದು ಅಳೆಯುವುದು ಹೇಗೆ?

ಇನ್ನು ನೆರೆಮನೆಯವಳ ಮಾತು. ಇದು ಸೇಡಮಿನ ನಂಬಿಕೆ ಮಾತ್ರವಲ್ಲ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕ್ಷೇತ್ರಾಧ್ಯಯನ ಮಾಡಿದ ಮಾರ್ಕ್ ನಿಕ್ಟರ್ ಹಾಗೂ ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿಗಳು, ಅನ್ನವೂ ಕೂಸೂ ಒಂದೇ ಹೊಟ್ಟೆಯಲ್ಲಿ ಎಡೆಗಾಗಿ ಪೈಪೋಟಿ ಮಾಡುತ್ತವೆಂದು ಅಲ್ಲಿನ ಅನೇಕ ಹೆಂಗಸರು ಭಾವಿಸುವುದನ್ನು 1983ರಲ್ಲಿ ದಾಖಲಿಸಿದರು. ವಾಸ್ತವದಲ್ಲಿ ಜಠರವೇ ಬೇರೆ, ಗರ್ಭಕೋಶವೇ ಬೇರೆ. ಕಡಿಮೆ ಉಂಡ ಮಾತ್ರಕ್ಕೆ ಹೆರಿಗೆ ಸುಲಭವಾಗುವುದಿಲ್ಲ. ಎರಡೂವರೆ ಕಿಲೋ ತುಂಬದ ದುರ್ಬಲ ಶಿಶು ಹುಟ್ಟುವ ಭಯವು ಮಾತ್ರ ಹೆಚ್ಚುತ್ತದೆ.

ಹಾಗಾದರೆ ಮೊದಲ ತಿಂಗಳುಗಳಲ್ಲಿ ಬೇಕಾದುದೇನು? ರಾಶಿಯಲ್ಲ, ಸತ್ತ್ವ. ಶಿಶುವಿನ ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅನೇಕ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂಬುದು ಆಗ ತಿಳಿದೇ ಇರುವುದಿಲ್ಲ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದ ಜೀವಸತ್ತ್ವವೇ ಫೋಲಿಕ್ ಆಮ್ಲ.

ಅದರ ಶೋಧನೆಯ ಕಥೆ ಮೊದಲಾದುದು, ಸೇಡಮಿನವರು ವಾಡಿಯಲ್ಲಿ ರೈಲು ಹಿಡಿದು ಹೋಗುವ ಮುಂಬಯಿಯಲ್ಲಿ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು 1928ರಲ್ಲಿ ಅಲ್ಲಿಗೆ ಬಂದು, ಬಡ ಬಸುರಿಯರ, ಅದರಲ್ಲಿಯೂ ಬಟ್ಟೆ ಗಿರಣಿಗಳ ಕೆಲಸಗಾರ್ತಿಯರ ತೀವ್ರ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದಳು. ದೋಷವಿರುವುದು ಅವರ ಊಟದಲ್ಲಿಯೇ ಎಂಬುದು ಅವಳಿಗೆ ಹೊಳೆಯಿತು. ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವನ್ನು ಮುಂದೆ, 1941ರಲ್ಲಿ, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಲ್ಯಾಟಿನ್ನಿನಲ್ಲಿ ಎಲೆಗಿರುವ ಹೆಸರಿನಿಂದಲೇ ಅದನ್ನು ಕರೆದರು. ಫೋಲಿಕ್ ಆಮ್ಲವೆಂದರೆ ಎಲೆಯ ಆಮ್ಲ.

ಎಲೆಗೂ ಬೇಳೆಗೂ ಸೇಡಂ ಸೀಮೆಯಲ್ಲಿ ಬರವುಂಟೇ? ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಇಪ್ಪತ್ತು ಗ್ರಾಂ ಮೀರಿದ ಸಸಾರಜನಕವಿದೆ, ಫೋಲಿಕ್ ಸತ್ತ್ವವೂ ಇದೆ. ಹೊಟ್ಟು ತೆಗೆಯದೆ ಇಡಿಯಾಗಿ ಬೀಸಿದ ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಸಜ್ಜೆಯಲ್ಲಿ 6 ಇದೆ. ತಿಕ್ಕಿ ಬಿಳುಪಾಗಿಸಿದ ಅಕ್ಕಿಯಲ್ಲಿ ಒಂದು ಕೂಡ ಇಲ್ಲ. ಪುಂಡಿಪಲ್ಯವನ್ನು ಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ, ಬಿಸಿ ರೊಟ್ಟಿಯೊಡನೆ ಶೇಂಗಾ ಹಿಂಡಿಯನ್ನೂ ಒಂದು ಬಟ್ಟಲು ಮೊಸರನ್ನೂ ಇಟ್ಟುಕೊಂಡರೆ ಧಾನ್ಯ, ಬೇಳೆ, ಸೊಪ್ಪು, ಎಣ್ಣೆಕಾಳು, ಹಾಲು ಐದೂ ಒಂದೇ ತಟ್ಟೆಗೆ ಬಂದಂತಾಯಿತು. ನಿಂಬೆಯ ಹುಳಿಯು ಕಬ್ಬಿಣಾಂಶವನ್ನು ದೇಹಕ್ಕೆ ಹತ್ತಿಸುತ್ತದೆ. ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಉಂಡ ಮೇಲೆ ಒಂದು ತಾಸಾದರೂ ಚಹಾದ ಮಾತೆತ್ತದಿರುವುದು ಒಳ್ಳೆಯದು.

ಹೊಟ್ಟೆಗೆ ಏನೂ ನಿಲ್ಲದವಳು ಇದನ್ನೆಲ್ಲ ಉಣ್ಣುವುದು ಹೇಗೆಂಬ ಪ್ರಶ್ನೆ ಸಹಜವಾದುದೇ. ಚರಕಸಂಹಿತೆಯು ಮೊದಲ ತಿಂಗಳಿನ ಗರ್ಭಿಣಿಗೆ ತಣ್ಣನೆಯ ಹಾಲನ್ನು ಆಗಾಗ, ಮಿತವಾಗಿ, ಕೊಡಬೇಕೆಂದು ವಿಧಿಸಿದೆ. ‘ಆಗಾಗ, ಮಿತವಾಗಿ’ ಎಂಬುದರಲ್ಲಿಯೇ ಯುಕ್ತಿಯೆಲ್ಲವೂ ಇದೆ. ಮೂರು ದೊಡ್ಡ ಊಟಗಳನ್ನು ಆರು ಸಣ್ಣ ತುತ್ತುಗಳಾಗಿ ಹಂಚಬೇಕು. ಹಾಸಿಗೆಯಿಂದ ಏಳುವ ಮುನ್ನ ಒಂದು ಚೂರು ಕಡಕ್ ರೊಟ್ಟಿಯನ್ನೋ ಒಂದು ಹಿಡಿ ಜೋಳದ ಅರಳನ್ನೋ ಮೆಲ್ಲಬಹುದು. ಒಗ್ಗರಣೆಯ ಹೊಗೆಯಿಂದ ಅವಳನ್ನು ಕೆಲವು ವಾರ ದೂರವಿಟ್ಟರೆ ಮನೆಯ ಮರ್ಯಾದೆಗೆ ಕುಂದೇನೂ ಬಾರದು. ಈ ಸಂಕಟವು ಸಾಮಾನ್ಯವಾಗಿ ನಾಲ್ಕನೆಯ ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ, ತೂಕವು ಒಂದೇ ಸಮನೆ ಇಳಿಯುತ್ತಿದ್ದರೆ, ಮನೆಮದ್ದನ್ನು ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಮಣ್ಣು ತಿನ್ನುವ ಚಪಲ ಹುಟ್ಟಿದರೆ ಬಯಕೆಯೆಂದು ನಗದೆ ರಕ್ತಪರೀಕ್ಷೆ ಮಾಡಿಸಬೇಕು. ಅನೇಕ ವೇಳೆ ಅದು ಕಬ್ಬಿಣಾಂಶದ ಕೊರತೆಯ ಕೂಗು.

ಸೊಪ್ಪು ಉಣ್ಣುವೆವಲ್ಲ, ಮಾತ್ರೆಯೇಕೆ ಎಂದು ಕೇಳುವವರಿದ್ದಾರೆ. ಬೇಯಿಸಿದಾಗ ಎಲೆಯ ಸತ್ತ್ವದಲ್ಲಿ ಬಹುಭಾಗ ನಷ್ಟವಾಗುತ್ತದೆ. ಅದಕ್ಕಾಗಿ ಫೋಲಿಕ್ ಆಮ್ಲದ ಮಾತ್ರೆಯನ್ನು, ಸಾಧ್ಯವಾದರೆ ಬಸುರಿಗೆ ಮೊದಲೇ, ಆರಂಭಿಸಬೇಕು. ನಾಲ್ಕನೆಯ ತಿಂಗಳಿನಿಂದ ಕಬ್ಬಿಣದ ಮಾತ್ರೆಯೂ ಕೂಡಬೇಕು. ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ದೃಷ್ಟಿ ತಾಗೀತೆಂದು ಮೂರು ತಿಂಗಳವರೆಗೆ ಸುದ್ದಿಯನ್ನು ಬಚ್ಚಿಡುವ ಮನೆಗಳಿವೆ. ಊರಿಗೆ ಹೇಳದಿದ್ದರೇನಂತೆ, ಆಶಾ ಕಾರ್ಯಕರ್ತೆಗೆ ಹೇಳಲೇಬೇಕು. ಬಚ್ಚಿಟ್ಟ ಆ ದಿನಗಳೇ ಮಾತ್ರೆಗೆ ಅತ್ಯಂತ ಬೆಲೆಯಿರುವ ದಿನಗಳು.

ಅಡುಗೆಮನೆಯಲ್ಲಿ ಎಲ್ಲವೂ ಇದ್ದು ಸೊಸೆ ಸೊರಗುವುದಾದರೆ ಕಾರಣ ಮತ್ತೊಂದಿರಬೇಕು. ಗಂಡಸರದಾಗಿ, ಮಕ್ಕಳದಾಗಿ, ಅತ್ತೆಯದೂ ಆದ ಮೇಲೆ ಅವಳ ಪಾಲಿಗೆ ರೊಟ್ಟಿ ಉಳಿಯುತ್ತದೆ, ಪಲ್ಯ ತಳ ಕಂಡಿರುತ್ತದೆ, ಮೊಸರಿನ ಗಡಿಗೆ ಬರಿದಾಗಿರುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಆರಂಭವಾದ ಮಾತೃಪೂರ್ಣ ಯೋಜನೆಯು ಬಸುರಿಯರನ್ನು ಅಂಗನವಾಡಿಗೇ ಕರೆಸಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಕೊಡಲು ಹೊರಟದ್ದರ ಹಿಂದೆ ಈ ಮರ್ಮವೂ ಅಡಗಿದೆ: ಮನೆಗೆ ಒಯ್ದ ಧಾನ್ಯವು ಎಲ್ಲರ ಪಾಲಾಗುತ್ತದೆ, ಅಲ್ಲಿಯೇ ಉಂಡದ್ದು ಅವಳದೇ ಆಗುತ್ತದೆ.

ಈ ಏರ್ಪಾಡನ್ನು ಮನೆಯೊಳಗೆ ಮಾಡಲು ಸರಕಾರ ಬರಬೇಕಾಗಿಲ್ಲ. ಅತ್ತೆಯ ಒಂದು ಮಾತು ಸಾಕು. ಏಳನೆಯ ತಿಂಗಳ ಕುಬಸವು ಎಂದಿನಂತೆ ನಡೆಯಲಿ, ಆರತಿ ಬೆಳಗಲಿ. ಆದರೆ ಎರಡನೆಯ ತಿಂಗಳಿನ ಯಾವುದೋ ಒಂದು ಸಾಮಾನ್ಯ ದಿನ, ಮೊದಲ ಬಿಸಿರೊಟ್ಟಿಯನ್ನೂ ಪುಂಡಿಪಲ್ಯದ ಮೊದಲ ಸೌಟನ್ನೂ ಸೊಸೆಯ ತಟ್ಟೆಗೆ ಬಡಿಸಿ, “ನೀ ಮೊದಲ ಉಣ್ಣವ್ವ” ಎಂದು ಅತ್ತೆ ಹೇಳಿದರೆ, ನಿಜವಾದ ಕುಬಸವು ಆ ಮನೆಯಲ್ಲಿ ಅಂದೇ ಆದಂತೆ.