‘ನಿಜವಾಗಿ ಯಾವ ಊರು?’

ಇಟಲಿಯ ಮಿಲಾನಿನಲ್ಲಿ ಮಗಳ ಮನೆಯಲ್ಲಿದ್ದು ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ: ‘ಏನೇನು ನೋಡಿದಿರಿ ಟೀಚರ್?’ ಡುವೊಮೊ ಎಂಬ ಮಹಾ ಚರ್ಚನ್ನು ನೋಡಿದೆ. ಲಿಯೊನಾರ್ಡೊ ಬರೆದ ಕೊನೆಯ ಭೋಜನದ ಚಿತ್ರವನ್ನು ಮೊದಲೇ ಟಿಕೆಟ್ ಕಾದಿರಿಸಿ ಹದಿನೈದು ನಿಮಿಷ ನೋಡಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಅವಲ್ಲ.

ಪರದೇಶದ ಬಾಳೆಂದರೆ ದಿನವೂ ಹಬ್ಬವೆಂದು ನಾವು ತಿಳಿದಿದ್ದೇವೆ. ಮಗಳು ಅಳಿಯ ವಾರವೆಲ್ಲ ದುಡಿಯುತ್ತಾರೆ. ಶನಿವಾರ ಪಪಿನಿಯಾನೊ ರಸ್ತೆಯ ಸಂತೆಯಲ್ಲಿ ತರಕಾರಿ ಕೊಳ್ಳುತ್ತಾರೆ. ಭಾನುವಾರ ಟ್ರಾಮು ಹತ್ತಿ ಸೆಂಪಿಯೋನೆ ಉದ್ಯಾನಕ್ಕೆ ಹೋದರೆ ಅದೇ ವಿಹಾರ.

ಒಂದು ಭಾನುವಾರ ಟ್ರಾಮಿನಲ್ಲಿ ಏಳು ವರ್ಷದ ಮೊಮ್ಮಗ ನನಗೆ ಒಂದೊಂದು ನಿಲ್ದಾಣದ ಹೆಸರೂ ಹೇಳಿಕೊಡುತ್ತಿದ್ದ. ಎದುರು ಕುಳಿತ ಮುದುಕಿ ಅವನ ಇಟಾಲಿಯನ್ ಕೇಳಿ ಮೆಚ್ಚಿ, ಯಾವ ಊರೆಂದು ವಿಚಾರಿಸಿದಳು. ‘ಮಿಲಾನೊ’ ಎಂದ. ‘ಅದಲ್ಲ ಮಗು, ನಿಜವಾಗಿ?’ ಹುಡುಗ ನನ್ನ ಮುಖ ನೋಡಿದ.

ಮುದುಕಿಯನ್ನು ಬೈದು ಫಲವಿಲ್ಲ. ಕಾನೂನೇ ಹಾಗೆ ಕೇಳುತ್ತದೆ. 1992ರ ಕಾಯಿದೆಯಂತೆ, ಪರದೇಶದವರಿಗೆ ಅಲ್ಲಿ ಹುಟ್ಟಿದ ಮಗು ಹದಿನೆಂಟರವರೆಗೆ ಎಡೆಬಿಡದೆ ಅಲ್ಲೇ ಬೆಳೆದು, ಆಮೇಲೆ ಒಂದು ವರ್ಷದೊಳಗೆ ಪೌರತ್ವ ಕೇಳಬೇಕು. ಹೆತ್ತವರಿಗೆ ಮೊದಲೇ ಸಿಕ್ಕರೆ ಮಗುವಿಗೂ ಸಿಗುತ್ತದೆ. ಆದರೆ ನಮ್ಮಂಥವರು ಹತ್ತು ವರ್ಷ ನೆಲೆಸಿದ ಮೇಲಷ್ಟೇ ಅರ್ಜಿ ಹಾಕಬಹುದು. ಹತ್ತನ್ನು ಐದು ಮಾಡೋಣವೇ ಎಂದು 2025ರ ಜೂನಿನಲ್ಲಿ ಜನಮತ ಕೇಳಿದರು. ಅರ್ಧದಷ್ಟು ಮತದಾರರು ಬರಬೇಕಿತ್ತು. ಬಂದವರು ಸುಮಾರು ನೂರಕ್ಕೆ ಮೂವತ್ತು. ಅದೇ 2025ರವರೆಗೆ, ಮುತ್ತಜ್ಜ ಇಟಲಿಯವನೆಂದು ಕಾಗದ ತೋರಿಸಿದರೆ, ಆ ನೆಲ ಮೆಟ್ಟದ ಅರ್ಜೆಂಟೀನಾದವನೂ ಪೌರನಾಗಬಹುದಿತ್ತು! ಈಗ ಅದನ್ನು ಅಜ್ಜ-ಅಜ್ಜಿಯ ತಲೆಮಾರಿಗೆ ಮಿತಗೊಳಿಸಿದ್ದಾರೆ. ರಕ್ತಕ್ಕೆ ಇಷ್ಟು ಬೆಲೆ. ಅಲ್ಲಿಯ ಶಾಲೆಯಲ್ಲಿ ಅಕ್ಷರ ತಿದ್ದಿದ ಮಗುವಿಗೆ ಬೆಲೆಯಿಲ್ಲವೇ?

‘ನಮ್ಮಲ್ಲೂ 1987ರಿಂದ ಹುಟ್ಟಿದ ಮಾತ್ರಕ್ಕೆ ಪೌರತ್ವವಿಲ್ಲವಲ್ಲ’ ಎಂದು ನೀವು ಹೇಳಬಹುದು. ನಿಜವೇ. ಹುಟ್ಟಿದೊಡನೆ ಕೊಡಿ ಎಂದು ನಾನೂ ಹೇಳುತ್ತಿಲ್ಲ. ಐದಾರು ವರ್ಷ ಓದಿಸಿ, ಆ ದೇಶದ ಹಾಡು, ಚರಿತ್ರೆ, ನದಿಗಳ ಹೆಸರು ಎಲ್ಲವನ್ನೂ ಕಲಿಸಿದ ಮೇಲೂ ನೀನು ನಮ್ಮವನಲ್ಲ ಎನ್ನುವುದು ಯಾವ ನ್ಯಾಯ? ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಮಗು ಎಲ್ಲಿ ಕಲಿಯುತ್ತದೋ ಅಲ್ಲಿಯದಾಗುತ್ತದೆ.

ಆದರೆ ಮುಚ್ಚಿಡುವುದೇಕೆ? ನನ್ನ ತರಗತಿಯಲ್ಲೂ ಬಿಹಾರದ ಕಟ್ಟಡ ಕೆಲಸಗಾರರ ಮಕ್ಕಳಿದ್ದಾರೆ. ಇಲ್ಲೇ ಹುಟ್ಟಿ, ಚೆನ್ನಾಗಿ ಕನ್ನಡ ಬರೆಯುವವರು. ‘ನಿಮ್ಮದು ನಿಜವಾಗಿ ಯಾವ ಊರೋ?’ ಎಂದು ಎಷ್ಟು ಸಲ ಕೇಳಿದ್ದೇನೋ! ಆ ಮಕ್ಕಳೂ ಹೀಗೇ ಯಾರದೋ ಮುಖ ನೋಡಿರಬೇಕು. ಈ ವರ್ಷ ಎಂಟನೇ ತರಗತಿಗೆ ಸೇರಿಸಿಕೊಳ್ಳುವಾಗ ನಾನು ಆ ಪ್ರಶ್ನೆ ಕೇಳಲಿಲ್ಲ.